ಒಗರಿನ ಜಾಡು ಹಿಡಿದು ಕಖೇಟಿಯಲ್ಲಿ ಆರು ದಿನ

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಹಳ್ಳಿ. ದ್ರಾಕ್ಷಿ ತೋಟವನ್ನು ನಾವು ಪಡ ಎನ್ನುತ್ತೇವೆ. ಅಪ್ಪ ಇಪ್ಪತ್ತೆಂಟು ವರ್ಷ ಪಡ ಮಾಡಿದರು. ಬೆಳೆದದ್ದೆಲ್ಲ ಶೆಡ್ಡಿನಲ್ಲಿ ಒಣಗಿ, ಒಣದ್ರಾಕ್ಷಿಯಾಗಿ ಪೇಟೆಗೆ ಹೋಯಿತು. ವೈನ್ ಎಂಬುದು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ನನಗೆ ಅದರ ರುಚಿ ಹತ್ತಿದ್ದು ಬೆಂಗಳೂರು ಸೇರಿದ ಮೇಲೆ, ಗೆಳೆಯರೊಂದಿಗೆ ನಂದಿಬೆಟ್ಟದ ತಪ್ಪಲಿನ ವೈನರಿಯೊಂದಕ್ಕೆ ಹೋದ ದಿನ. ಅವ್ವನಿಗೆ ಮುಚ್ಚಿಡಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಕುಡಿದು ಬೀಳಬೇಡ, ಅಷ್ಟೇ" ಎಂದಿದ್ದಳು.

ಆಮೇಲೆ ರುಚಿ ನೋಡುವ ತರಗತಿಗಳಿಗೂ ಹೋದೆ. ಅಲ್ಲಿ ಹೇಳಿಕೊಡುತ್ತಿದ್ದ ಹೆಸರುಗಳು ಗೂಸ್‌ಬೆರಿ, ಬ್ಲ್ಯಾಕ್‌ಕರಂಟ್, ಸೀಡರ್ ಮರ. ಇವುಗಳಲ್ಲಿ ಒಂದನ್ನೂ ನಾನು ತಿಂದಿಲ್ಲ, ಮೂಸಿಲ್ಲ. ನನ್ನ ನಾಲಿಗೆ ಬಲ್ಲದ್ದು ನೇರಳೆ, ಹುಣಸೆ, ಬೆಲ್ಲ, ಸುಟ್ಟ ಜೋಳದ ರೊಟ್ಟಿ. ಎರಡು ವರ್ಷದ ಹಿಂದೆ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯತೊಡಗಿದೆ. ಹುಳಿ, ಕಂಪು, ಜಿಡ್ಡು, ಕಾವು ಎಲ್ಲಕ್ಕೂ ಪದ ಸಿಕ್ಕಿತು. 'ಒಗರು' ಎಂದು ಬರೆಯುವಾಗ ಮಾತ್ರ, ನಾನು ಕುಡಿದ ವೈನುಗಳಲ್ಲಿ ಆ ಪದಕ್ಕೆ ತಕ್ಕಷ್ಟು ಒಗರು ಇಲ್ಲವೆನಿಸುತ್ತಿತ್ತು.

ಅಕ್ಕನ ಮಗಳು ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅಲ್ಲಿ ಸಿಪ್ಪೆ, ಬೀಜ, ತೊಟ್ಟುಗಳ ಸಮೇತ ದ್ರಾಕ್ಷಿ ರಸವನ್ನು ನೆಲದಲ್ಲಿ ಹೂತ ಮಣ್ಣಿನ ಗುಡಾಣಕ್ಕೆ ತುಂಬಿ, ಐದಾರು ತಿಂಗಳು ಮುಚ್ಚಿಡುತ್ತಾರೆ. ಗುಡಾಣದ ಹೆಸರು ಕ್ವೆವ್ರಿ. ಈ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. "ಮಾಮಾ, ಸೆಪ್ಟೆಂಬರ್ ಕೊನೆಗೆ ಬಾ. ಇಲ್ಲಿ ಆಗ ಸುಗ್ಗಿ. ನನ್ನ ಗೆಳತಿಯ ಅಜ್ಜನ ಮನೆಯಲ್ಲಿ ಇರೋಣ" ಎಂದು ಅವಳು ಕರೆದಳು. ಎರಡು ಕಿಲೋ ನಮ್ಮೂರ ಒಣದ್ರಾಕ್ಷಿ ಕಟ್ಟಿಕೊಂಡು ಹೊರಟೆ.

ಮೊದಲ ದಿನ: ಟಿಬಿಲಿಸಿ

ಹಳೆಯ ಊರಿನ ಓಣಿಯೊಂದರಲ್ಲಿ ನಮ್ಮ ಕೋಣೆ. ಅಂಗಳದ ತುಂಬ ದ್ರಾಕ್ಷಿ ಚಪ್ಪರ. ಬಾಗಿಲು ದಾಟುತ್ತಿದ್ದಂತೆಯೇ ಮೂಗಿಗೆ ಬಡಿದ ವಾಸನೆಗೆ ನಿಂತುಬಿಟ್ಟೆ. ದೇವನಹಳ್ಳಿ ರಸ್ತೆಯಲ್ಲಿ ಬುಟ್ಟಿ ಇಟ್ಟು ಮಾರುವ ಬೆಂಗಳೂರು ನೀಲಿ ದ್ರಾಕ್ಷಿಯ ಅದೇ ಗಾಢ, ಸಿಹಿ ಘಮ. ಮನೆಯೊಡತಿ ಒಂದು ಗೊಂಚಲು ಕೊಯ್ದು ಕೈಗಿತ್ತು "ಇಜಾಬೆಲ್ಲಾ" ಎಂದರು. ಎರಡರಲ್ಲೂ ಅಮೆರಿಕದ ಕಾಡು ದ್ರಾಕ್ಷಿಯ ರಕ್ತವಿದೆ, ಆ ಘಮ ಬಂದದ್ದು ಅಲ್ಲಿಂದಲೇ. ಇಷ್ಟು ದೂರ ಬಂದು ಮೊದಲು ಬಾಯಿಗೆ ಹಾಕಿಕೊಂಡದ್ದು ಮನೆಯ ನೆನಪಿನ ಹಣ್ಣು.

ಮಧ್ಯಾಹ್ನ ಸಿಯೋನಿ ಚರ್ಚಿಗೆ ಹೋದೆವು. ನಾಲ್ಕನೆಯ ಶತಮಾನದಲ್ಲಿ ಈ ನಾಡಿಗೆ ಕ್ರೈಸ್ತ ಧರ್ಮವನ್ನು ತಂದ ಸಂತ ನೀನೋಳ ಶಿಲುಬೆ ಅಲ್ಲಿದೆ. ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ತನ್ನ ತಲೆಗೂದಲಿಂದಲೇ ಬಿಗಿದು ಅವಳು ಅದನ್ನು ಮಾಡಿದಳೆಂಬುದು ನಂಬಿಕೆ. ಹೊರಗೆ ಬಂದು ತಲೆ ಎತ್ತಿದರೆ ಗುಡ್ಡದ ನೆತ್ತಿಯ ಮೇಲೆ 'ಜಾರ್ಜಿಯಾದ ತಾಯಿ'ಯ ಬೃಹತ್ ಪ್ರತಿಮೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ವೈನಿನ ಬಟ್ಟಲು. ಹಗೆಯಾಗಿ ಬಂದವರಿಗೆ ಕತ್ತಿ, ನೆಂಟರಾಗಿ ಬಂದವರಿಗೆ ಬಟ್ಟಲು.

ಸಂಜೆ ನೆಲಮಾಳಿಗೆಯ ಸಣ್ಣ ಅಂಗಡಿಯೊಂದರಲ್ಲಿ ರುಚಿ ನೋಡಲು ಕುಳಿತೆವು. ಸುರಿಯುತ್ತಿದ್ದ ಹುಡುಗಿ ಜಾಣೆ. ಒಂದೇ ದ್ರಾಕ್ಷಿಯ ಎರಡು ವೈನ್ ಮುಂದಿಟ್ಟಳು. ದ್ರಾಕ್ಷಿಯ ಹೆಸರು ರ್ಕಾತ್ಸಿತೆಲಿ, ಅಂದರೆ ಕೆಂಪು ಕಡ್ಡಿ. ಮೊದಲನೆಯದು ಸಿಪ್ಪೆ ತೆಗೆದು, ಯುರೋಪಿನ ರೀತಿಯಲ್ಲಿ ಮಾಡಿದ್ದು. ನೀರಿಗೆ ನಾಲ್ಕು ಹನಿ ನಿಂಬೆರಸ ಬೆರೆಸಿದಂಥ ಬಣ್ಣ, ಹಸಿರು ಸೇಬಿನ ಹುಳಿ, ಚೊಕ್ಕ. ಎರಡನೆಯದು ಕ್ವೆವ್ರಿಯದು. ಆಗಷ್ಟೇ ಕಾಯಿಸಿ ಸೋಸಿದ ತುಪ್ಪದ ಬಣ್ಣ. ಮೂಗಿಗೆ ಒಣಗಿದ ಜರ್ದಾಳು, ಜೇನುಮೇಣ, ಚಹಾಪುಡಿ. ಬಾಯಿಗೆ ಬಂದಾಗ ಮೊದಲು ಏನೂ ಅನಿಸಲಿಲ್ಲ. ನುಂಗಿದ ಮೇಲೆ ಒಳಗೆನ್ನೆಗಳು ಒಂದನ್ನೊಂದು ಹಿಡಿದುಕೊಂಡವು. ಚಿಕ್ಕಂದಿನಲ್ಲಿ ಬಾಳೆಕಾಯಿ ಕಚ್ಚಿದಾಗ ಆದದ್ದು ಇದೇ. ಪುಸ್ತಕ ತೆಗೆದು 'ಒಗರು' ಎಂದು ಬರೆದು ಕೆಳಗೆ ಗೆರೆ ಎಳೆದೆ.

"ಮಾಮಾ, ಅದು ರುಚಿಯಲ್ಲ, ಸ್ಪರ್ಶ" ಎಂದಳು ಅಕ್ಕನ ಮಗಳು. ಸಿಪ್ಪೆ ಬೀಜಗಳಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬಾಯಿಯ ಜಾರುತನ ಹೋಗುತ್ತದೆ, ಅದಕ್ಕೇ ಒಣಗಿದಂತೆ ಅನಿಸುತ್ತದೆ ಎಂದು ಬಿಡಿಸಿ ಹೇಳಿದಳು. ಅವಳ ಪಠ್ಯದಲ್ಲಿ ರುಚಿ ಐದು: ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ. ನಮ್ಮ ಹಿರಿಯರು ಆರು ಎಣಿಸಿ, ಒಗರಿಗೆ ಸರಿಸಮನಾದ ಜಾಗ ಕೊಟ್ಟಿದ್ದಾರೆ. ದೇಹಶಾಸ್ತ್ರದ ಮಟ್ಟಿಗೆ ಅವಳು ಸರಿ. ಆದರೂ ವೈನ್ ಕುಡಿಯುವವರಿಗೆ ಷಡ್ರಸದ ಲೆಕ್ಕವೇ ಹೆಚ್ಚು ಒದಗುತ್ತದೆ ಎಂದು ಅಂದೇ ನನಗೆ ಖಚಿತವಾಯಿತು.

ಎರಡನೆಯ ದಿನ: ಸಿಗ್ನಾಗಿ

ಬೆಳಿಗ್ಗೆ ಮಿನಿಬಸ್ಸು ಹಿಡಿದು ಪೂರ್ವಕ್ಕೆ ಹೊರಟೆವು. ಇದೇ ಕಖೇಟಿ ಪ್ರಾಂತ್ಯ, ಜಾರ್ಜಿಯಾದ ವೈನಿನ ಕಣಜ. ದಾರಿಯ ಬದಿಯಲ್ಲಿ ಹೆಂಗಸರು ಮಣ್ಣಿನ ಒಲೆಯ ಒಳಗೋಡೆಗೆ ದೋಣಿಯಾಕಾರದ ರೊಟ್ಟಿ ಬಡಿಯುತ್ತಿದ್ದರು. ಬಿಸಿ ರೊಟ್ಟಿ, ಉಪ್ಪುಪ್ಪಾದ ಚೀಸ್, ಒಂದು ಟೊಮೆಟೊ. ಸಸ್ಯಾಹಾರಿಗೆ ಈ ನಾಡಿನಲ್ಲಿ ಕೊರತೆಯಿಲ್ಲ.

ಸಿಗ್ನಾಗಿಯ ಕೋಟೆ ಗೋಡೆ ಹದಿನೆಂಟನೆಯ ಶತಮಾನದಲ್ಲಿ ಎರಡನೆಯ ಎರೆಕ್ಲೆ ದೊರೆ ಕಟ್ಟಿಸಿದ್ದು, 23 ಬುರುಜುಗಳಿವೆ. ಬುರುಜಿನ ಮೇಲೆ ನಿಂತರೆ ಕೆಳಗೆ ಅಲಜಾನಿ ನದಿಯ ಬಯಲು, ಕಣ್ಣು ಹಾಯುವ ತನಕ ದ್ರಾಕ್ಷಿ, ಅದರಾಚೆ ಕಾಕಸಸ್ ಪರ್ವತಗಳ ಸಾಲು. ಹತ್ತಿರದ ಬೊಡ್ಬೆ ಮಠದಲ್ಲಿ ಸಂತ ನೀನೋಳ ಸಮಾಧಿ ನೋಡಿ ಬಂದೆವು. ಊರು ಅಂದವಾಗಿದೆ, ಪ್ರವಾಸಿಗರೂ ತುಂಬಿದ್ದಾರೆ. ನನ್ನ ಮನಸ್ಸು ಮಾತ್ರ ಬಯಲಿನ ಆ ಹಸಿರು ಸಾಲುಗಳಲ್ಲಿತ್ತು.

ಮೂರನೆಯ ದಿನ: ತೆಲಾವಿಯ ಸುತ್ತ

ತೆಲಾವಿಯ ಪಕ್ಕದ ವಾರ್ದಿಸುಬಾನಿ ಕ್ವೆವ್ರಿ ಮಾಡುವ ಮನೆತನಗಳ ಹಳ್ಳಿ. ಕುಂಬಾರರ ಕೊಟ್ಟಿಗೆಯಲ್ಲಿ ನನ್ನೆತ್ತರದ ಐದು ಗುಡಾಣಗಳು ಅರ್ಧಂಬರ್ಧ ಎದ್ದು ನಿಂತಿದ್ದವು. ಇಷ್ಟು ದೊಡ್ಡದನ್ನು ಚಕ್ರದ ಮೇಲೆ ಮಾಡಲಾಗದು. ತೋಳುದಪ್ಪ ಮಣ್ಣಿನ ಸುರುಳಿ ಹೊಸೆದು, ಬಾಯಂಚಿಗೆ ಸುತ್ತಿಸಿ, ಬೆರಳಿನಿಂದ ಒತ್ತಿ ಬೆಸೆಯುತ್ತಾರೆ. ಒಂದು ಸುತ್ತು ಬಿಗಿಯುವ ತನಕ ಮುಂದಿನದನ್ನು ಏರಿಸುವಂತಿಲ್ಲ. ಅವಸರ ಮಾಡಿದರೆ ಹೊಟ್ಟೆ ಕುಸಿಯುತ್ತದೆ. ಹಾಗಾಗಿ ಐದನ್ನೂ ಸರದಿಯ ಮೇಲೆ, ವಾರಗಟ್ಟಲೆ ಬೆಳೆಸುತ್ತಾರೆ. ಆಮೇಲೆ ಗೂಡಿನಲ್ಲಿ ದಿನಗಟ್ಟಲೆ ಸುಡುವುದು, ಇನ್ನೂ ಬೆಚ್ಚಗಿರುವಾಗಲೇ ಒಳಗೆ ಜೇನುಮೇಣ ಸವರುವುದು.

ಕುಂಬಾರರು ನನ್ನ ಕೈ ಹಿಡಿದು ಸುಟ್ಟ ಕ್ವೆವ್ರಿಯ ತಳದೊಳಗೆ ಇಳಿಸಿದರು. ತಳ ಮೊಟ್ಟೆಯ ತುದಿಯಂತೆ ಚೂಪು. ಹುದುಗು ಮುಗಿದಾಗ ಬೀಜಗಳು ಮೊದಲು ಕೆಳಗಿಳಿದು ಆ ಚೂಪಿನಲ್ಲಿ ಕೂಡುತ್ತವೆ, ಮೇಲೆ ಸಿಪ್ಪೆಯ ಹೊದಿಕೆ ಬೀಳುತ್ತದೆ. ಬೀಜದ ಕಹಿ ವೈನಿಗೆ ಹತ್ತುವುದು ಕಡಿಮೆ, ಸಿಪ್ಪೆಯ ಒಗರು ಮಾತ್ರ ನಿಧಾನವಾಗಿ ಇಳಿಯುತ್ತದೆ. ಕಹಿಯನ್ನೂ ಒಗರನ್ನೂ ಬೇರೆ ಮಾಡಲು ಬೇಕಾದದ್ದು ಪಾತ್ರೆಯ ಆಕಾರವೊಂದೇ! ಟಿಬಿಲಿಸಿಯ ದಕ್ಷಿಣದ ಗಡಾಚ್ರಿಲಿ ಗೋರಾ ಮತ್ತು ಶುಲಾವೆರಿ ಗೋರಾ ದಿಬ್ಬಗಳಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಆಮ್ಲದ ಕುರುಹು ಇದೆ ಎಂದು ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಅವು ಸುಮಾರು ಎಂಟು ಸಾವಿರ ವರ್ಷ ಹಿಂದಿನವು. ಓದಿದಾಗ ಅದು ಬರೀ ಸಂಖ್ಯೆಯಾಗಿತ್ತು. ಕೈ ತಣ್ಣನೆಯ ಆ ತಳವನ್ನು ಮುಟ್ಟಿದಾಗ, ಎಷ್ಟು ತಲೆಮಾರಿನ ಕೈಗಳು ಹೀಗೆಯೇ ಒಳಗಿಳಿದಿರಬಹುದು ಎಂದುಕೊಂಡೆ.

ಮಧ್ಯಾಹ್ನ ತ್ಸಿನಾಂದಾಲಿಯ ಅರಮನೆ. ಕವಿ, ಸೇನಾನಿ ಅಲೆಕ್ಸಾಂಡರ್ ಚಾವ್‌ಚವಾದ್ಜೆ ಇಲ್ಲಿ ಯುರೋಪಿನ ರೀತಿಯ ವೈನ್ ತಯಾರಿಕೆಗೆ ಅಡಿಪಾಯ ಹಾಕಿದರು. ಸೊಗಸಾದ ಉದ್ಯಾನ, ಧೂಳು ಹಿಡಿದ ಹಳೆಯ ಬಾಟಲಿಗಳ ನೆಲಮಾಳಿಗೆ. ಒಂದು ಗಂಟೆ ಸಾಕಾಯಿತು.

ನಾಲ್ಕನೆಯ ದಿನ: ಸುಗ್ಗಿ

ಗೆಳತಿಯ ಅಜ್ಜನ ಮನೆ ತೆಲಾವಿಯಿಂದ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ. ಹುಡುಗಿ ನನ್ನನ್ನು ಮಾಮಾ ಎಂದು ಕರೆಯುವುದನ್ನು ಕೇಳಿ ಅಜ್ಜಿ ನನ್ನ ಕೆನ್ನೆ ತಟ್ಟಿ, "ಮಗಳು ನಿನ್ನ ಹಾಗೆಯೇ ಇದ್ದಾಳೆ" ಎಂದರಂತೆ. ಜಾರ್ಜಿಯಾದ ಭಾಷೆಯಲ್ಲಿ 'ಮಾಮಾ' ಎಂದರೆ ಅಪ್ಪ! ಬಿಡಿಸಿ ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಉಳಿದ ಮೂರು ದಿನವೂ ನಾನು ಅವಳ ಅಪ್ಪನೇ.

ಒಣದ್ರಾಕ್ಷಿಯ ಪೊಟ್ಟಣ ಬಿಚ್ಚಿದೆ. ಅಜ್ಜ ಒಂದು ಕಾಳನ್ನು ಹಲ್ಲಿನಲ್ಲಿ ಒತ್ತಿ, ಮತ್ತೊಂದನ್ನು ಒತ್ತಿ, "ಬೀಜ ಎಲ್ಲಿ?" ಎಂದರು. ಥಾಮ್ಸನ್ ಸೀಡ್‌ಲೆಸ್, ಬೀಜವಿಲ್ಲದ ತಳಿ ಎಂದು ಹುಡುಗಿ ಹೇಳಿದಳು. ಅವರು ಇನ್ನೂ ನಾಲ್ಕು ಕಾಳು ತಿಂದು, ಸಿಹಿ ಬಹಳ ಚೆನ್ನಾಗಿದೆ ಎಂದು ತಲೆದೂಗಿದರು.

ಅಂದು ಕೊಯ್ದದ್ದು ಸಪೆರಾವಿ. ಹೆಸರಿನ ಅರ್ಥವೇ ಬಣ್ಣ ಕೊಡುವುದು. ನಮ್ಮ ಕಡೆಯ ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ರಸ ತೆಳು ಬಣ್ಣದ್ದು, ಕಪ್ಪೆಲ್ಲ ಸಿಪ್ಪೆಯಲ್ಲಿ. ಸಪೆರಾವಿಯ ತಿರುಳೇ ಕೆಂಪು. ಹತ್ತು ನಿಮಿಷಕ್ಕೆ ಬೆರಳ ಸಂದುಗಳು ನೇರಳೆಯಾದವು, ಊರಿಗೆ ಮರಳಿದ ಮೇಲೂ ಉಗುರಿನ ಸುತ್ತ ಆ ಗುರುತಿತ್ತು. ಅಜ್ಜನ ಜೇಬಿನಲ್ಲಿ ಅಪ್ಪನ ಬಳಿ ಇದ್ದಂಥದೇ ಬ್ರಿಕ್ಸ್ ಮೀಟರ್, ಹಣ್ಣಿನ ಸಿಹಿ ಅಳೆಯುವ ಸಾಧನ. ಒಂದು ಹನಿ ಹಿಂಡಿ ಬೆಳಕಿಗೆ ಹಿಡಿದೆ, ಇಪ್ಪತ್ತಮೂರು. ಸಂಖ್ಯೆ ಹೇಳಲು ಭಾಷೆ ಬೇಕಾಗಲಿಲ್ಲ, ಬೆರಳು ತೋರಿಸಿದೆ. ಅಜ್ಜ ನನ್ನ ಬೆನ್ನು ಗುದ್ದಿದರು. ಈ ಬಳ್ಳಿಗಳಿಗೆ ವರ್ಷಕ್ಕೆ ಒಂದೇ ಚಾಟ್ನಿ (ಕಡ್ಡಿ ಸವರುವುದು), ಚಳಿಗಾಲವಿಡೀ ನಿದ್ದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಏಪ್ರಿಲಿಗೊಮ್ಮೆ, ಅಕ್ಟೋಬರಿಗೊಮ್ಮೆ ಚಾಟ್ನಿ ಎಂದಾಗ ಅಜ್ಜ ಬಳ್ಳಿಯ ಬಗ್ಗೆ ಕನಿಕರಪಟ್ಟರು. ಆಲಿಕಲ್ಲಿನ ಭಯ ಮಾತ್ರ ಎರಡೂ ಕಡೆ ಒಂದೇ.

ಕೊಯ್ಲಿನ ನಡುವೆ ಅಜ್ಜ ಹಳೆಯದನ್ನು ನೆನೆದರು. 1985ರಲ್ಲಿ ಸೋವಿಯತ್ ಒಕ್ಕೂಟದ ನಾಯಕ ಗೊರ್ಬಚೆವ್ ಮದ್ಯದ ವಿರುದ್ಧ ಆಂದೋಲನ ಹೂಡಿದಾಗ ತೋಟಗಳನ್ನು ಕಿತ್ತರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನಿಗೆ ಬಾಗಿಲು ಹಾಕಿತು, ಮತ್ತೆ ತೆರೆದದ್ದು 2013ರಲ್ಲಿ. "ಆ ಏಳು ವರ್ಷ ಕೊಳ್ಳುವವರಿಲ್ಲ, ಆದರೆ ಮನೆಯ ಕ್ವೆವ್ರಿ ಒಮ್ಮೆಯೂ ಖಾಲಿಯಿರಲಿಲ್ಲ" ಎಂದರು. ದರ ಬಿದ್ದ ವರ್ಷ ಅಪ್ಪ ಶೆಡ್ಡಿನ ಮುಂದೆ ಕುಳಿತಿರುತ್ತಿದ್ದ ಭಂಗಿ ನನಗೆ ನೆನಪಾಯಿತು.

ಮರಾನಿ ಎಂದರೆ ವೈನಿನ ಕೋಣೆ. ಒಳಗೆ ಹೋದರೆ ಏನೂ ಕಾಣದು. ನೆಲದಲ್ಲಿ ಆರು ದುಂಡು ಬಾಯಿಗಳು, ಅಷ್ಟೇ. ನಾನು ಮರಾನಿಯಲ್ಲಿ ಕಂಡದ್ದು ಅಜ್ಜನ ಕಾಲದ ನಮ್ಮ ಮನೆಯ ಹಗೇವನ್ನು. ಜೋಳ ತುಂಬಿ ಮಣ್ಣು ಮುಚ್ಚಿದ ಆ ನೆಲದೊಳಗಿನ ಕಣಜವನ್ನು ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ಕಂದೀಲು ಇಳಿಬಿಟ್ಟು, ಉರಿ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇಲ್ಲಿ ಕ್ವೆವ್ರಿ ತೊಳೆಯಲು ಇಳಿಯುವ ಮುನ್ನ ಮೇಣದ ಬತ್ತಿ ಇಳಿಬಿಡುತ್ತಾರೆ ಎಂದು ಅಜ್ಜ ಹೇಳಿದಾಗ ನನಗೆ ಮೈ ಜುಮ್ಮೆಂದಿತು.

ಹಿಂದಿನ ವಾರ ತುಂಬಿದ ರ್ಕಾತ್ಸಿತೆಲಿ ಆಗಲೇ ಕುದಿಯುತ್ತಿತ್ತು. ಒಲೆಯಿಲ್ಲದ ಕುದಿ, ಸಿಪ್ಪೆಯ ಮೇಲಿನ ಹುದುಗಿನಿಂದಲೇ ಎದ್ದದ್ದು. ಅನಿಲದ ಒತ್ತಡಕ್ಕೆ ಸಿಪ್ಪೆ, ತೊಟ್ಟುಗಳೆಲ್ಲ ಮೇಲೆ ಬಂದು ದಪ್ಪ ಕೆನೆಯಂತೆ ಕಟ್ಟುತ್ತವೆ. ಹಾಗೇ ಬಿಟ್ಟರೆ ಒಣಗಿ ಕೆಡುತ್ತವೆ. ಹಗಲು ರಾತ್ರಿ ಎನ್ನದೆ ಉದ್ದನೆಯ ಕೋಲಿನಿಂದ ಅವನ್ನು ಕೆಳಗೆ ಒತ್ತುತ್ತಿರಬೇಕು. ರಾತ್ರಿ ಎರಡು ಗಂಟೆಯ ಪಾಳಿಯನ್ನು ನಾನು ಕೇಳಿ ಪಡೆದೆ. ಬಾಗಿಲು ತೆರೆದಿಟ್ಟು, ಕತ್ತಲಲ್ಲಿ ಕ್ವೆವ್ರಿಯ ಬಾಯಿಯ ಬಳಿ ಮಂಡಿಯೂರಿದೆ. ಒಳಗಿನಿಂದ ಸೋನೆ ಮಳೆ ಹೆಂಚಿನ ಮೇಲೆ ಬೀಳುವ ಸದ್ದು. ಕೋಲು ಒತ್ತಿದಾಗ ಕೆನೆ ಮೊದಲು ಬಾಗಿತು, ತಡೆಯಿತು, ಆಮೇಲೆ ಉಸಿರು ಬಿಟ್ಟಂತೆ ಮುರಿಯಿತು. ಬೆಚ್ಚನೆಯ ಹುಳಿಗಂಪು ಮುಖಕ್ಕೆ ರಾಚಿತು. ಇಡ್ಲಿ ಹಿಟ್ಟು ಉಕ್ಕಿದ ಬೆಳಗಿನ ಅಡುಗೆಮನೆಯ ಕಂಪು, ಅದರ ಮೇಲೊಂದಿಷ್ಟು ಕಬ್ಬಿನ ಹಾಲು. ಬರೆದುಕೊಳ್ಳಲು ಬೆಳಕಿರಲಿಲ್ಲ, ಬೇಕಾಗಲೂ ಇಲ್ಲ.

ಐದನೆಯ ದಿನ: ಅಲಾವೆರ್ಡಿ, ಮತ್ತು ಸುಪ್ರಾ

ಬೆಳಿಗ್ಗೆ ಅಲಾವೆರ್ಡಿ ಮಠ. ಹನ್ನೊಂದನೆಯ ಶತಮಾನದ, ಐವತ್ತು ಮೀಟರಿಗೂ ಎತ್ತರದ ದೇಗುಲ ದ್ರಾಕ್ಷಿಯ ಬಯಲಿನ ನಡುವೆ ಒಂಟಿಯಾಗಿ ನಿಂತಿದೆ. ಸನ್ಯಾಸಿಗಳು ಇಂದಿಗೂ ಅಲ್ಲಿ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ, ಪ್ರಾರ್ಥನೆಯಷ್ಟೇ ನಿಷ್ಠೆಯಿಂದ.

ಸಂಜೆ ಮನೆಯಲ್ಲಿ ಸುಪ್ರಾ, ಅಂದರೆ ಹಬ್ಬದೂಟ. ಅಕ್ರೋಟು ಅರೆದು ತುಂಬಿದ ಬದನೆಕಾಯಿ, ಮಣ್ಣಿನ ಗಡಿಗೆಯಲ್ಲಿ ಬೆಂದ ಲೋಬಿಯೋ ಕಾಳು, ಮೆಕ್ಕೆಜೋಳದ ರೊಟ್ಟಿ, ಸೊಪ್ಪಿನ ಉಂಡೆ. ತಟ್ಟೆಯ ಮೇಲೆ ತಟ್ಟೆ ಏರಿಸುತ್ತಾರೆ, ಖಾಲಿ ಜಾಗ ಕಾಣಬಾರದು. ಅದಕ್ಕೆ ಮೊದಲು ಅಜ್ಜ ನನ್ನನ್ನು ಮರಾನಿಗೆ ಕರೆದೊಯ್ದು ಕಳೆದ ವರ್ಷದ ವೈನಿದ್ದ ಕ್ವೆವ್ರಿಯ ಮೇಲಿನ ಮಣ್ಣು ಬಳಿದು, ಮುಚ್ಚಳ ಸರಿಸಿದರು. ಗೋಡೆಯಿಂದ ಉದ್ದ ಹಿಡಿಯ ಸೌಟು ತೆಗೆದುಕೊಂಡರು. ನೋಡಿದರೆ ಒಣಗಿಸಿದ ಸೋರೆಬುರುಡೆ! ಅದರಿಂದಲೇ ಮೊಗೆದು ಹೂಜಿಗೆ ಸುರಿದರು.

ಸುಪ್ರಾದಲ್ಲಿ ಮನ ಬಂದಾಗ ಕುಡಿಯುವಂತಿಲ್ಲ. ತಮಾದಾ ಎಂಬ ಹಿರಿಯ ಮಾತು ನಡೆಸುತ್ತಾರೆ. ಅವರು ಒಂದು ವಿಷಯ ಎತ್ತಿ, ಮನಸ್ಸಿಟ್ಟು ಮಾತನಾಡಿ "ಗೌಮರ್ಜೋಸ್" ಎಂದ ಮೇಲೆಯೇ ಎಲ್ಲರ ಬಟ್ಟಲು ಏಳಬೇಕು. ದೇವರಿಗೆ, ಶಾಂತಿಗೆ, ನಾಡಿಗೆ, ಬಂದ ನೆಂಟರಿಗೆ ಎಂದು ಸಾಗಿತು. ತರಗತಿಗಳಲ್ಲಿ ನಾನು ವೈನನ್ನು ಮೂಗಿನಿಂದ, ನಾಲಿಗೆಯಿಂದ ಅಳೆಯಲು ಕಲಿತಿದ್ದೆ. ಇಲ್ಲಿ ಅದನ್ನು ಮಾತಿನ ಹಿಂದೆ ನಡೆಸುತ್ತಾರೆ. ನನಗೆ ಇದು ದೊಡ್ಡ ಪಾಠ.

ಆಮೇಲೆ ಅಗಲಿದವರ ಸರದಿ. ಎಲ್ಲರೂ ರೊಟ್ಟಿಯ ತುಂಡಿನ ಮೇಲೆ ಒಂದೆರಡು ಹನಿ ವೈನ್ ಬಿಟ್ಟರು. ಅಜ್ಜ ನನ್ನ ಕಡೆ ತಿರುಗಿ "ಅಲಾವೆರ್ಡಿ" ಎಂದರು. ಮಠದ ಹೆಸರಾದ ಆ ಪದಕ್ಕೆ ಊಟದ ಮನೆಯಲ್ಲಿ ಬೇರೆ ಅರ್ಥ: ಈ ಮಾತನ್ನು ಈಗ ನೀನು ಮುಂದುವರಿಸು.

ಎದ್ದು ನಿಂತೆ. ಕನ್ನಡದಲ್ಲಿಯೇ ಹೇಳಿದೆ. "ನಮ್ಮ ಅಪ್ಪ ಇಪ್ಪತ್ತೆಂಟು ವರ್ಷ ದ್ರಾಕ್ಷಿ ಬೆಳೆದರು. ಬಳ್ಳಿಗೆ ನೀರಿಲ್ಲದ ವರ್ಷ ಟ್ಯಾಂಕರಿನ ನೀರು ತರಿಸಿ ಬದುಕಿಸಿದರು. ಅವರ ಹಣ್ಣು ಎಲ್ಲೆಲ್ಲಿಗೋ ಹೋಯಿತು. ಅವರು ವೈನ್ ಕುಡಿದವರಲ್ಲ, ನಾನು ಕುಡಿಯುವುದನ್ನು ನೋಡಲು ಇರಲಿಲ್ಲ. ಆದರೆ ಹಣ್ಣನ್ನು ಕೈಯಲ್ಲಿ ಹಿಡಿದು ತೂಗುವುದನ್ನು ನನಗೆ ಕಲಿಸಿದವರು ಅವರು." ಹುಡುಗಿ ಒಂದೊಂದೇ ವಾಕ್ಯವನ್ನು ತಿರುಗಿಸಿ ಹೇಳಿದಳು, ಕೊನೆಯದಕ್ಕೆ ಅವಳ ದನಿ ಕಟ್ಟಿತು. ನಾನೂ ರೊಟ್ಟಿಯ ಮೇಲೆ ಎರಡು ಹನಿ ಬಿಟ್ಟೆ. ನಮ್ಮ ಮನೆಯಲ್ಲಿ ಅಪ್ಪನಿಗೆ ಎಡೆ ಇಡುವಾಗ ಹೋಳಿಗೆಯ ಮೇಲೆ ತುಪ್ಪ ಬಿಡುವ ಹಾಗೆ.

ಆರನೆಯ ದಿನ: ಮರಳಿ ಟಿಬಿಲಿಸಿಗೆ

ಗೊಂಬೋರಿ ಕಣಿವೆದಾರಿಯಲ್ಲಿ ಮಂಜು, ಆಮೇಲೆ ಬಿಸಿಲು. ಅಜ್ಜ ಕೊಟ್ಟ ಒಂದು ಬಾಟಲಿ ಮಡಿಲಲ್ಲಿ. ಬೆಳಿಗ್ಗೆ ಹೊರಡುವಾಗ ಅಜ್ಜಿ ನಮ್ಮ ಒಣದ್ರಾಕ್ಷಿಯನ್ನು ಗಾಜಿನ ಡಬ್ಬಿಗೆ ತುಂಬಿ, ದೇವರ ಪಟದ ಕೆಳಗಿನ ಗೂಡಿನಲ್ಲಿ ಇಟ್ಟಿದ್ದರು.

ರಾತ್ರಿ ಚಪ್ಪರದ ಕೆಳಗೆ ಬಾಟಲಿ ತೆಗೆದು ಇಬ್ಬರಿಗೂ ಅರ್ಧರ್ಧ ಬಟ್ಟಲು ಸುರಿದೆ. ಅಷ್ಟರಲ್ಲಿ ಅವ್ವನ ಫೋನ್. ಊಟವಾಯಿತೇ, ಚಳಿಯಿದೆಯೇ ಎಂದೆಲ್ಲ ಕೇಳಿದ ಮೇಲೆ, "ಅಷ್ಟು ದೂರ ಅದನ್ನೇ ಹುಡುಕಿಕೊಂಡು ಹೋದೆಯಲ್ಲ, ಹೇಗಿದೆ ಅದು?" ಎಂದಳು. ಈ ಹತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ಒಗರು, ಅವ್ವಾ. ಒಳ್ಳೆಯ ಒಗರು" ಎಂದೆ.

"ಒಗರು ಎಂದರೆ ಯಾವುದರದು? ಬಾಳೆಕಾಯಿಯದೋ, ನೆಲ್ಲಿಕಾಯಿಯದೋ, ನೇರಳೆಯದೋ?"

ಇಷ್ಟು ವರ್ಷ ಯಾವ ತರಗತಿಯಲ್ಲೂ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ತಡೆ ಅವ್ವಾ ಎಂದು ಫೋನನ್ನು ಕಿವಿಗೆ ಹಿಡಿದೇ ಇನ್ನೊಂದು ಗುಟುಕು ತೆಗೆದುಕೊಂಡೆ, ಬಾಯ ತುಂಬ ಆಡಿಸಿ ನುಂಗಿ, ಕೆನ್ನೆ ಬಿಗಿಯುವ ತನಕ ಕಾದೆ.

"ಮೊದಲು ನೇರಳೆಯದು" ಎಂದೆ. "ಆಮೇಲೆ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಆ ಸಿಹಿ."

"ಹಾಗಾದರೆ ಒಳ್ಳೆಯದೇ ಇದೆ" ಎಂದಳು ಅವ್ವ.